ಎಂಟು ಮಂದಿ, ಮಾರಿ ಒಳಗ

ನನ್ನ ಹೆಸರು ಮೋನಮ್ಮ. ಮೌನವೆಲ್ಲ ಹೆಸರಿನಲ್ಲೇ ಖರ್ಚಾಗಿದೆ, ಬಾಯಿಗೆ ಅದರ ಗಾಳಿಯೂ ಸೋಕಿಲ್ಲ ಎಂದು ನನ್ನ ಗಂಡ ಮಂದಿಯ ಮುಂದೆ ಹೇಳಿ ನಗಿಸುತ್ತಿದ್ದ. ನಗಲಿ ಬಿಡಿ. ಅವನ ಹೆಸರು ಯಂಕಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು ಅನ್ನುತ್ತಾರೆ, ಆದರೆ ಈ ಸುದ್ದಿ ಹೇಳುವಾಗ ಹೆಸರಿಲ್ಲದೆ ನಡೆಯುವುದಿಲ್ಲ. ಆ ಮನುಷ್ಯನ ಕೈಯಲ್ಲಿ ಒಂದು ಮಾತು ಕೊಟ್ಟು ಕಳಿಸಿದರೆ ಅದು ತಲೆಕೆಳಗಾಗಿಯೇ ಊರು ಮುಟ್ಟುತ್ತಿತ್ತು. ಅರಿಶಿನ ತಾ ಅಂದರೆ ಸಾಸಿವೆ ತಂದವನು. ನನ್ನ ತಮ್ಮನ ಲಗ್ನ ಸೋಮವಾರ ಎಂದು ಬೀಗರಿಗೆ ಹೇಳಿ ಬಾ ಅಂದರೆ ಶನಿವಾರ ಎಂದು ಹೇಳಿ ಬಂದವನು. ಹಂದರವೂ ಹಾಕದ ಅಂಗಳದಲ್ಲಿ ಬೀಗರು ಬಂದು ಕೂತಾಗ ನನ್ನ ಅವ್ವ ತಲೆಯ ಮೇಲೆ ಕೈ ಹೊತ್ತಳು. ಕುರಿಯ ವಿಷಯದಲ್ಲಿ ಮಾತ್ರ ಅವನು ತಪ್ಪುತ್ತಿರಲಿಲ್ಲ. ಕತ್ತಲಲ್ಲಿ ಕೈಯಾಡಿಸಿ ಇದು ಇಂಥ ಕುರಿ ಎಂದು ಹೇಳುತ್ತಿದ್ದ. ಮನುಷ್ಯರ ಮಾತಿಗೆ ಬಂದರೆ ಮುಗಿಯಿತು.

ಅದು ನಿಜಾಮರ ಆಳಿಕೆಯ ಕೊನೆಯ ಬೇಸಿಗೆ. ಕೊನೆಯದೆಂದು ಆಗ ಯಾರಿಗೆ ಗೊತ್ತು? ನಮ್ಮ ಊರು ಮನೂರಿನ ಮಗ್ಗುಲಲ್ಲಿ. ಹೊತ್ತು ಇಳಿಯುವ ಮೊದಲೇ ಕುರಿಗಳು ದೊಡ್ಡಿಗೆ, ಮಂದಿ ಮನೆಗೆ. ಖಾಕಿ ತೊಟ್ಟವರು ಕುದುರೆಯ ಮೇಲೆ, ಲಾರಿಯ ಮೇಲೆ ತಿರುಗುತ್ತಿದ್ದರು. ಯಾವುದು ಪೊಲೀಸರ ಖಾಕಿ, ಯಾವುದು ಬೇರೆಯವರದು ಎಂದು ನಮಗೆ ತಿಳಿಯುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಒಂದು ಪೊಲೀಸ್ ಚೌಕಿ ಸುಟ್ಟರಂತೆ ಎಂಬ ಸುದ್ದಿ ಬಂತು. ಅದಾದ ಮೇಲೆ ಕಲ್ಹೇರಿನ ಕಡೆಯ ಶಾಂತಪ್ಪನನ್ನು ಲಾರಿಯಲ್ಲಿ ಹತ್ತಿಸಿಕೊಂಡು ಹೋದರು. ಅವನು ಮಾಡಿದ್ದೇನು ಎಂದು ಯಾರೂ ಹೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಆಗಲಿಲ್ಲ. ಶಾಂತಪ್ಪ ತಿರುಗಿ ಬರಲಿಲ್ಲ.

ನನ್ನ ಮಗಳು ಭೂದೇವಿಯನ್ನು ತಾಂಡೂರಿಗೆ ಕೊಟ್ಟಿದ್ದೆವು. ಅವಳಿಗೆ ದಿನ ತುಂಬಿದ್ದವು, ಅಮಾವಾಸ್ಯೆಯ ಹೊತ್ತಿಗೆ ಹೆರಿಗೆ ಎಂದಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಆದರೆ ಇಂಥ ಕಾಲದಲ್ಲಿ ಬಸುರಿಯನ್ನು ದಾರಿಗೆ ಬಿಡುವುದಿಲ್ಲ ಎಂದು ಬೀಗರು ಹೇಳಿ ಕಳಿಸಿದರು. ಅವರು ಹೇಳಿದ್ದೂ ಸುಳ್ಳಲ್ಲ. ನಾನು ಎರಡು ದಿನ ಅತ್ತೆ, ಆಮೇಲೆ ಹಳೆಯ ಅರಿವೆಯ ಗಂಟು ಬಿಚ್ಚಿದೆ. ಮಗಳು ಬರದಿದ್ದರೆ ಏನಾಯಿತು, ತೊಟ್ಟಿಲ ಕೌದಿ ಇಲ್ಲಿಂದಲೇ ಹೋಗಬೇಕು.

ಕೌದಿ ಎಂದರೆ ಸಿಕ್ಕ ತುಂಡು ಸಿಕ್ಕಲ್ಲಿ ಹಚ್ಚಿ ಹೊಲಿಯುವುದು ಎಂದು ತಿಳಿದವರಿದ್ದಾರೆ. ಅವರ ಮನೆಯ ಕೌದಿ ನೋಡಿದರೇ ಗೊತ್ತಾಗುತ್ತದೆ ಬಿಡಿ. ನಾನು ಮೊದಲು ನಕ್ಷಿ ಕೂಡಿಸುತ್ತೇನೆ. ಗಂಡನ ಹಳೆಯ ಧೋತರವನ್ನು ನೆಲಕ್ಕೆ ಹಾಸಿ, ಅದರ ಮೇಲೆ ತುಂಡುಗಳನ್ನು ಇಟ್ಟು, ಸರಿಸಿ, ದೂರ ನಿಂತು ನೋಡಿ, ಮತ್ತೆ ಸರಿಸಿ, ಮನಸ್ಸು ಹೂಂ ಅಂದ ಮೇಲೆಯೇ ಸೂಜಿ. ದೊಡ್ಡ ಕೌದಿಯಲ್ಲಿ ತಪ್ಪು ಮುಚ್ಚಿಹೋಗುತ್ತದೆ. ತೊಟ್ಟಿಲ ಕೌದಿ ಎರಡು ಮೊಳದ್ದು, ಒಂದು ತುಂಡು ಓರೆಯಾದರೂ ಕಣ್ಣಿಗೆ ಚುಚ್ಚುತ್ತದೆ.

ನಕ್ಷಿ ನನ್ನ ಅವ್ವನದು, ಹೆಸರುಗಳೂ ಅವಳವೇ. ನಡುವಿನ ಚೌಕಕ್ಕೆ ಚೌಕಿ ಅನ್ನುತ್ತಿದ್ದಳು. ಅದು ಕೂಸಿನ ಜಾಗ, ಅದಕ್ಕೆ ಕೆಂಪೇ ಬೇಕು. ಅದರ ಸುತ್ತ ಎಂಟು ಮುಮ್ಮೂಲೆಯ ತುಂಡುಗಳು. ಅವಕ್ಕೆ ಮಂದಿ ಎಂದು ಹೆಸರು. ಮುಮ್ಮೂಲೆಯ ಚೂಪಾದ ತುದಿಯೇ ಮಂದಿಯ ಮಾರಿ, ಅಂದರೆ ಮುಖ. ಎಲ್ಲರ ಮಾರಿ ಒಳಗೆ, ಕೂಸಿನ ಕಡೆಗೇ ಇರಬೇಕು. ಕೂಸು ಕಣ್ಣು ಬಿಟ್ಟರೆ ತನ್ನ ಮಂದಿ ತನ್ನನ್ನು ನೋಡುತ್ತ ಕೂತಿರಬೇಕು ಎಂದು ಅವ್ವ ಹೇಳುತ್ತಿದ್ದಳು. ನಾಲ್ಕು ಮೂಲೆಗೆ ನಾಲ್ಕು ಅರ್ಧಚಂದ್ರ. ಮಂದಿಗೆ ನನ್ನ ಹಸಿರು ಸೀರೆ, ಚಂದ್ರಕ್ಕೆ ಭೂದೇವಿ ಚಿಕ್ಕವಳಿದ್ದಾಗ ಉಟ್ಟ ನೀಲಿ ಪರಕಾರ. ಎಲ್ಲ ಹೊಲಿದೆ. ನಡುವಿನ ಚೌಕಿಗೆ ಮಾತ್ರ ಮೆತ್ತಗಿನ ಹಳೆಯ ಕೆಂಪು ಸಿಗಲಿಲ್ಲ.

ಅವ್ವನ ಕೆಂಪು ಸೀರೆ ಜಹೀರಾಬಾದಿನಲ್ಲಿ ನನ್ನ ಅಕ್ಕ ಸುಮಿತ್ರಾಬಾಯಿಯ ಹತ್ತಿರ ಇತ್ತು. ನನ್ನ ಗಂಡ ಕಂಬಳಿ ಮಾರಲು ಅಲ್ಲಿಗೇ ಹೊರಟಿದ್ದ. ನಕ್ಷಿ ಗೊತ್ತಾದರೆ ಎಷ್ಟು ಕೆಂಪು ಬೇಕೆಂದು ಅಕ್ಕನಿಗೆ ತಾನೇ ತಿಳಿಯುತ್ತದೆ. ಆದ್ದರಿಂದ ಇಡೀ ನಕ್ಷಿಯನ್ನು ಮಾತಿನಲ್ಲಿ ಕಟ್ಟಿ ಅವನ ಬಾಯಿಗೆ ಕೂಡಿಸಿದೆ. ಅಂಗಳದಲ್ಲಿ ನಿಲ್ಲಿಸಿ, ಶಾಲೆಯ ಪಂತೋಜಿಯ ಹಾಗೆ ಹೇಳಿಸಿದೆ.

“ನಡುವ ಚೌಕಿ. ಸುತ್ತ ಎಂಟು ಮಂದಿ, ಎಲ್ಲಾರ ಮಾರಿ ಒಳಗ. ನಾಕೂ ಮೂಲಿಗಿ ಚಂದ್ರ. ಚೌಕಿಗಿ ಕೆಂಪು ಹಚ್ಚಬೇಕು, ಅಮಾಸಿ ಒಳಗ ಹಚ್ಚಬೇಕು.”

ಮೊದಲ ಸಲವೇ ಮಾರಿ ಹೊರಗೆ ಅಂದ. ನಾನು ಹಣೆ ಬಡಿದುಕೊಂಡೆ. ಮತ್ತೆ ಹೇಳಿಸಿದೆ. ದಾರಿಯುದ್ದಕ್ಕೂ ಬಾಯಲ್ಲಿ ಅನ್ನುತ್ತ ಹೋಗು, ನಿಲ್ಲಿಸಿದರೆ ಮರೆಯುತ್ತೀ ಎಂದೆ. ಅವನು ಹೂಂ ಎಂದು ತಲೆ ಹಾಕಿ, ಕಂಬಳಿಗಳನ್ನು ಹೆಗಲಿಗೇರಿಸಿ, ಅದನ್ನೇ ಗೊಣಗುತ್ತ ಹೋದ. ಊರ ಹೊರಗಿನ ಬೇವಿನ ಮರದವರೆಗೆ ಅವನ ದನಿ ಕೇಳುತ್ತಿತ್ತು. ನಾನು ನಗುತ್ತ ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಕಸ ಹೊಡೆಯುತ್ತಿದ್ದಾಗ ಅಂಜಪ್ಪ ಬಂದ. ನಮ್ಮೂರಿನವನೇ, ಜಹೀರಾಬಾದಿನಿಂದ ಉಪ್ಪು ಹೊತ್ತು ತರುವವನು. ಅವನ ಮುಖ ನೋಡಿ ಕಸಬಾರಿಗೆ ಬದಿಗಿಟ್ಟೆ. ಅಂಗಳದಲ್ಲಿ ನಿಂತು ಹೇಳಲಾರದೆ ಒಳಗೆ ಬಂದು ಗೋಡೆಗೆ ಒರಗಿ ಕೂತ. ಅವನು ಹೇಳಿದ್ದು ಇಷ್ಟು: ಹೊಳೆಯ ಆಚೆ ದಾರಿಯ ಮೇಲೆ ಹೊಸದಾಗಿ ಹಾಕಿದ್ದ ಚೌಕಿಯ ಮುಂದೆ ನನ್ನ ಗಂಡ ನೀರು ಕುಡಿಯಲು ಕೂತಿದ್ದಾನೆ. ಕೂತವನು ಸುಮ್ಮನೆ ಕೂರಬೇಕಲ್ಲ, ನನ್ನ ಮಾತು ಮರೆಯಬಾರದೆಂದು ಗೊಣಗುತ್ತಿದ್ದಾನೆ. ಕಾವಲಿನವನು ಕಿವಿ ಕೊಟ್ಟಿದ್ದಾನೆ. ನಡುವೆ ಚೌಕಿ, ಸುತ್ತ ಎಂಟು ಮಂದಿ, ಎಲ್ಲರ ಮುಖ ಒಳಗೆ, ಚಂದ್ರ, ಚೌಕಿಗೆ ಕೆಂಪು ಹಚ್ಚಬೇಕು, ಅಮಾವಾಸ್ಯೆಯ ಒಳಗೆ.

ನಮ್ಮ ಮಾತಿನಲ್ಲಿ ತೇಪೆಯನ್ನೂ ಹಚ್ಚುತ್ತೇವೆ, ಬೆಂಕಿಯನ್ನೂ ಹಚ್ಚುತ್ತೇವೆ. ಒಂದು ಚೌಕಿ ಸುಟ್ಟ ಸುದ್ದಿ ಇನ್ನೂ ಆರಿರಲಿಲ್ಲ. ನನ್ನ ಅವ್ವ ಕೂಸಿಗೆಂದು ಇಟ್ಟ ಹೆಸರುಗಳನ್ನೇ ನಾನು ಒಂದೊಂದಾಗಿ ಅವನ ಬಾಯಿಗೆ ತುರುಕಿ ಪೊಲೀಸರ ಮುಂದೆ ಕಳಿಸಿದ್ದೆ.

ಅವನನ್ನು ಹೊಡೆದರೇ ಎಂದು ಕೇಳಿದೆ. ಅಂಜಪ್ಪ ಹೌದೆಂದು ತಲೆ ಹಾಕಿದ. ಇದು ಕೌದಿಯ ನಕ್ಷಿ, ಮೊಮ್ಮಗುವಿನ ಕೌದಿ ಎಂದು ನನ್ನ ಗಂಡ ಹೇಳುತ್ತಲೇ ಇದ್ದನಂತೆ. ಅಮೀನ, ಅಂದರೆ ಚೌಕಿಯ ದೊಡ್ಡವನು, ಹಾಗಿದ್ದರೆ ನಕ್ಷಿ ಬರೆದು ತೋರಿಸು ಎಂದು ಕೈಗೆ ಇದ್ದಿಲು ಕೊಟ್ಟು ಗೋಡೆಯ ಮೇಲೆ ಬರೆಸಿದನಂತೆ. ಉಪ್ಪು ಹೊತ್ತು ಬರುತ್ತಿದ್ದ ಅಂಜಪ್ಪನನ್ನೂ ತಡೆದು ಹೊರಗೆ ನಿಲ್ಲಿಸಿದ್ದರು, ಬರೆದದ್ದು ಅವನಿಗೆ ಕಾಣಲಿಲ್ಲ. ಆದರೆ ಒಂದು ಮಾತು ಕೇಳಿಸಿತ್ತು.

“ಮಾರಿ ಯಾವ ಕಡಿ, ಮಾರಿ ಯಾವ ಕಡಿ ಅಂತ ಕೇಳಾಕತ್ತಿದ್ರು, ಮೋನಕ್ಕ. ಅಣ್ಣ ಬಾಯಿ ಬಿಡಲಿಲ್ಲ. ಬಾಳ ಹೊತ್ತು ಸುಮ್ನ ನಿಂತಿದ್ದ. ಆಮ್ಯಾಲ ಇದ್ದಿಲು ಸರ್ ಸರ್ ಅಂದದ್ದು ಕೇಳಿಸ್ತು.”

ಕೊನೆಗೆ ಅಮೀನ ಅಂಜಪ್ಪನನ್ನೇ ಕರೆದು ಹೇಳಿ ಕಳಿಸಿದ್ದ. ಆ ಕೌದಿ ನಾಳೆ ಮಧ್ಯಾಹ್ನದೊಳಗೆ ಇಲ್ಲಿಗೆ ಬರಬೇಕು. ಗೋಡೆಯ ಮೇಲಿದ್ದ ಹಾಗೆಯೇ ಇದ್ದರೆ ಈ ಮನುಷ್ಯ ಮನೆಗೆ ಹೋಗುತ್ತಾನೆ. ಇಲ್ಲದಿದ್ದರೆ ಮಧ್ಯಾಹ್ನ ಲಾರಿ ಬರುತ್ತದೆ. ಅವನು ಹೇಳಿದ ನಾಳೆ ಎಂದರೆ ಅದೇ ದಿನ.

ಲಾರಿ ಎಂದದ್ದೇ ನನಗೆ ಶಾಂತಪ್ಪನ ಹೆಂಡತಿ ಎಲ್ಲಮ್ಮ ನೆನಪಾದಳು. ಅವಳು ಈಗಲೂ ದಾರಿಯ ಬದಿಗೆ ಬಂದು ಕೂರುತ್ತಿದ್ದಳು.

ಮೈದುನ ಹಣಮಂತರಾಯ ಬಂಡಿ ಕಟ್ಟಿದ. ನಾನು ಪೆಟ್ಟಿಗೆ ತೆಗೆದು ನನ್ನ ಧಾರೆಯ ಸೀರೆಯ ಕೆಂಪು ಸೆರಗನ್ನು ಕತ್ತರಿಸಿದೆ. ಇಷ್ಟು ವರ್ಷ ಇಲಿ ಮುಟ್ಟದ ಹಾಗೆ ಕಾಪಾಡಿದ ಸೀರೆ. ಕತ್ತರಿ ಆಡುವಾಗ ಒಂದಿಷ್ಟೂ ನೋವಾಗಲಿಲ್ಲ, ನೋಯಲು ಪುರಸೊತ್ತು ಬೇಕಲ್ಲ. ಒಂದು ತುಂಡು ರೊಟ್ಟಿ, ಒಂದು ಚೂರು ಬೆಲ್ಲ ಸೆರಗಿಗೆ ಕಟ್ಟಿಕೊಂಡೆ. ನಮ್ಮಲ್ಲಿ ಕೌದಿಯ ಒಂದು ಮೂಲೆ ಬಿಟ್ಟು ಉಳಿದದ್ದನ್ನೆಲ್ಲ ಹೊಲಿಯುತ್ತಾರೆ. ಕೊನೆಗೆ ಆ ಮೂಲೆಯಲ್ಲಿ ರೊಟ್ಟಿ ಬೆಲ್ಲ ಇಟ್ಟು ಬಾಯಿ ಮುಚ್ಚಿದರೆ ಕೌದಿಯ ಉಡಿ ತುಂಬಿದಂತೆ, ಹೊದ್ದವರು ಹಸಿಯುವುದಿಲ್ಲ. ಪೂರ್ತಿಯಾಗದ ಕೌದಿಯನ್ನು ಯಾರ ಮುಂದೆಯೂ ತೋರಿಸಬಾರದು ಎಂಬುದು ಅವ್ವನ ಕಟ್ಟಪ್ಪಣೆ.

ಬಂಡಿ ಊರು ದಾಟಿತು. ಕಲ್ಲು ದಾರಿ, ಒಂದೊಂದು ಕುಲುಕಿಗೂ ಸೂಜಿ ಬೆರಳಿಗೆ. ಕೆಂಪು ಚೌಕಿ ಹಚ್ಚುವುದು ಬೇಗ ಮುಗಿಯಿತು. ಆಮೇಲೆ ಕೌದಿಯನ್ನು ತೊಡೆಯ ಮೇಲೆ ಹರವಿ ನೋಡಿದೆ. ಎಂಟೂ ಹಸಿರು ಮಂದಿ ಒಳಗೆ ಮಾರಿ ಮಾಡಿ ಕೆಂಪನ್ನು ನೋಡುತ್ತಿದ್ದರು. ಅವ್ವ ಕೂಡಿಸಿದ ಹಾಗೆಯೇ ಇತ್ತು, ಚೆನ್ನಾಗಿತ್ತು. ಆಗ ಅಂಜಪ್ಪನ ಮಾತು ಎದೆಗೆ ಬಂದು ಕೂತಿತು. ಮಾರಿ ಯಾವ ಕಡೆ ಎಂದು ಕೇಳಿದಾಗ ಅವನು ಸುಮ್ಮನೆ ನಿಂತಿದ್ದ. ಯಾಕೆ ನಿಂತ? ಮರೆತಿದ್ದಾನೆ. ಮರೆತವನು ಆಮೇಲೆ ಏನು ಬರೆದಿರುತ್ತಾನೆ?

ಅರಿಶಿನ ಅಂದರೆ ಸಾಸಿವೆ ತರುವವನು. ಸೋಮವಾರ ಅಂದರೆ ಶನಿವಾರ ಹೇಳುವವನು. ಅಂಗಳದಲ್ಲಿ ನಿಂತು ಮೊದಲ ಸಲವೇ ಮಾರಿ ಹೊರಗೆ ಅಂದವನು. ಹಣಮಂತನನ್ನು ಕರೆದು ಕೇಳಿದೆ, ನಿನ್ನ ಅಣ್ಣ ಏನು ಬರೆದಿರಬೇಕು ಹೇಳು ಎಂದೆ. ಅವನು ತಿರುಗಿ ನೋಡದೆ ಎತ್ತಿನ ಹಗ್ಗ ಜಗ್ಗಿ ಹೇಳಿದ.

“ನೀ ಒಳಗ ಅಂದಿದ್ರ ಅಂವ ಹೊರಗನ ಬರದಿರ್ತಾನ, ವೈನಿ. ನಮ್ಮ ಅಣ್ಣ ಒಮ್ಮ್ಯಾರ ನೆಟ್ಟಗ ಹೇಳ್ಯಾನೇನು?”

ನಾನೂ ಅದನ್ನೇ ಅಂದುಕೊಂಡಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳಿದ ಮೇಲೆ ಗಟ್ಟಿಯಾಯಿತು. ಆದರೂ ಕತ್ತರಿ ಎತ್ತಲು ಕೈ ಬರಲಿಲ್ಲ. ಇದೊಂದು ಸಲ ಅವನು ಸರಿ ಬರೆದಿದ್ದರೆ? ನಾನು ತಿರುಗಿಸಿದ್ದರಿಂದಲೇ ಅವನು ಲಾರಿ ಹತ್ತಿದರೆ? ತಿರುಗಿಸದೆ ಬಿಟ್ಟು, ಅವನು ತಪ್ಪು ಬರೆದಿದ್ದರೆ? ಹಾಗೂ ಭಯ, ಹೀಗೂ ಭಯ. ದೇವರನ್ನು ನೆನೆಯೋಣ ಎಂದರೆ ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಜೊತೆ ಬಾಳುವೆ ಮಾಡಿದ್ದೆ, ಅವನು ಎಲ್ಲಿ ಎಡವುತ್ತಾನೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದನ್ನೇ ನಂಬಿದೆ. ಮೊದಲನೆಯ ತುಂಡಿನ ದಾರ ಕತ್ತರಿಸಿದೆ.

ಒಂದನ್ನು ಬಿಚ್ಚಿ ತಿರುಗಿಸಿದ ಮೇಲೆ ಉಳಿದ ಏಳನ್ನೂ ತಿರುಗಿಸಲೇಬೇಕು. ಹೊಲಿಗೆ ಕಿತ್ತ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿದವು, ಉಗುರಿನಿಂದ ತಿಕ್ಕಿದರೂ ಹೋಗಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಎತ್ತುಗಳನ್ನು ಓಡಿಸು ಎಂದು ಹಣಮಂತನಿಗೆ ಕೂಗುವುದು, ಓಡಿಸಿದರೆ ಸೂಜಿ ನಿಲ್ಲುತ್ತಿಲ್ಲ ಎಂದು ಅವನಿಗೇ ಬೈಯುವುದು. ಪಾಪ, ಅವನು ಎರಡಕ್ಕೂ ಹೂಂ ಅನ್ನುತ್ತಿದ್ದ. ಎದುರಿಗೆ ಎಲ್ಲಾದರೂ ಧೂಳು ಎದ್ದರೆ ಸಾಕು, ಲಾರಿಯೇ ಬಂತೆಂದು ಸೂಜಿ ಹಿಡಿದೇ ಕತ್ತೆತ್ತಿ ನೋಡುತ್ತಿದ್ದೆ. ಒಮ್ಮೆ ಅದು ಎಮ್ಮೆಗಳ ಹಿಂಡು. ಒಮ್ಮೆ ಬರಿ ಗಾಳಿ. ಹೊಳೆಯಲ್ಲಿ ನೀರು ಮೊಣಕಾಲುದ್ದ ಇತ್ತು, ದಾಟುವಾಗ ಕೌದಿ ನೆನೆಯದ ಹಾಗೆ ಎದೆಗೆ ಅವಚಿಕೊಂಡೆ. ಎಂಟನೆಯ ತುಂಡಿಗೆ ಕೊನೆಯ ಗಂಟು ಹಾಕುವ ಹೊತ್ತಿಗೆ ಚೌಕಿಯ ಹಂಚು ಕಂಡಿತು. ಮೂಲೆಯ ಉಡಿ ಹೊಲಿಯಲು ಆಗಲೇ ಇಲ್ಲ. ರೊಟ್ಟಿ ಬೆಲ್ಲವನ್ನು ತೆರೆದ ಮೂಲೆಯೊಳಗೆ ತುರುಕಿ ಇಳಿದೆ.

ಬಾಗಿಲಲ್ಲಿ ಮಹಬೂಬಸಾಬ ಎಂಬ ಜವಾನನಿದ್ದ. ಅದೇ ಸೀಮೆಯವನು, ನಮ್ಮ ಮಾತು ಬಲ್ಲವನು. ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಬಿಟ್ಟ. ಒಳಗೆ ಅಮೀನ ಕುರ್ಚಿಯ ಮೇಲಿದ್ದ. ದೊಡ್ಡ ಮೀಸೆಯ ರಾಕ್ಷಸನನ್ನು ಎದುರು ನೋಡಿದ್ದೆ. ಇದ್ದವನು ಸಣಕಲು ಮೈಯವನು, ನಿದ್ದೆಗೆಟ್ಟ ಕಣ್ಣಿನವನು. ಹೊರಗೆ ಎತ್ತಿನ ಗಂಟೆ ಅಲುಗಿದರೂ ಬಾಗಿಲ ಕಡೆ ನೋಡುತ್ತಿದ್ದ. ಅವನಿಗೂ ಭಯ ಇತ್ತು. ಅದನ್ನು ಕಂಡು ನನ್ನ ಭಯ ಇನ್ನೂ ಹೆಚ್ಚಾಯಿತು.

ನನ್ನ ಗಂಡ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿ, ಮನೆಯಲ್ಲಿ ನೋಡುವ ಹಾಗೆಯೇ, ಬಂದೆಯಾ ಎಂಬಂತೆ ತಲೆ ಆಡಿಸಿದ. ನಾನು ಅವನ ಹಿಂದಿನ ಗೋಡೆ ನೋಡಿದೆ.

ನಡುವೆ ಚೌಕಿ. ನಾಲ್ಕೂ ಮೂಲೆಗೆ ಚಂದ್ರ. ಸುತ್ತ ಎಂಟು ಮಂದಿ, ಎಲ್ಲರ ಮಾರಿ ಒಳಗೆ.

ನಾನು ಹೇಳಿದ ಹಾಗೆಯೇ ಬರೆದಿದ್ದ. ಹುಟ್ಟಿ ಒಂದು ಮಾತನ್ನು ನೆಟ್ಟಗೆ ಮುಟ್ಟಿಸದವನು, ಇದೊಂದನ್ನು ಗೆರೆ ತಪ್ಪದೆ ಮುಟ್ಟಿಸಿದ್ದ. ನನ್ನ ಕೈಯಲ್ಲಿದ್ದ ಕೌದಿಯನ್ನು ಅಲ್ಲೇ ನುಂಗಿಬಿಡೋಣ ಅನ್ನಿಸಿತು. ಹಿಂದಕ್ಕೆ ಹೆಜ್ಜೆ ಇಡಲು ನೋಡಿದೆ, ಮಹಬೂಬಸಾಬ ಅಷ್ಟರಲ್ಲಿ ಕೌದಿ ತೆಗೆದುಕೊಂಡು ಅಮೀನನ ಮುಂದೆ ಹರವಿದ್ದ.

ಅಮೀನ ಎದ್ದು ಬಂದು ನೋಡಿದ. ಕೆಂಪು ಚೌಕಿಯ ಮೇಲೆ ಬೆರಳಿಟ್ಟು ಗೋಡೆ ನೋಡಿದ. ಚಂದ್ರಗಳ ಮೇಲೆ ಬೆರಳಿಟ್ಟು ಗೋಡೆ ನೋಡಿದ. ತೆರೆದ ಮೂಲೆ ಕಣ್ಣಿಗೆ ಬಿದ್ದದ್ದೇ ಎರಡು ಬೆರಳು ಒಳಗೆ ಹಾಕಿ, ಒಳಗೆ ಏನು ಬಚ್ಚಿಟ್ಟಿದ್ದೀ ಎಂದು ಕೇಳಿದ. ರೊಟ್ಟಿ ಹೊರಗೆ ಬಂತು. ಮಹಬೂಬಸಾಬನೇ ಉರ್ದುವಿನಲ್ಲಿ ಹೇಳಿದ, ಇದು ಕೌದಿಗೆ ಉಣಿಸುವ ರೊಟ್ಟಿ, ನಮ್ಮ ಅಮ್ಮನೂ ಗೋದಡಿ ಹೊಲಿಯುವಾಗ ಇಡುತ್ತಿದ್ದಳು ಎಂದು. ಅಮೀನ ರೊಟ್ಟಿಯನ್ನು ಮೂಸಿ ನೋಡಿ ತಿರುಗಿ ಒಳಗಿಟ್ಟ. ಆಮೇಲೆ ಹಸಿರು ತುಂಡುಗಳ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು.

ಅವನು ಮೆಲ್ಲಗೆ ಮಾತಾಡಿದ, ಮಹಬೂಬಸಾಬ ನನಗೆ ತಿರುಗಿಸಿ ಹೇಳಿದ.

“ಗ್ವಾಡಿ ಮ್ಯಾಲಿನ ಮಂದಿ ಚೌಕಿ ಮ್ಯಾಲ ಏರಿ ಬರಾಕತ್ಯಾರ. ಕೌದಿ ಒಳಗಿನ ಮಂದಿ ಚೌಕಿ ಬಿಟ್ಟು ಹೋಗಾಕತ್ಯಾರ. ಎರಡರಾಗ ಖರೆ ಯಾವುದು ಅಂತ ಸಾಹೇಬರು ಕೇಳಾಕತ್ಯಾರವ್ವ.”

ಗೋಡೆಯದು ಖರೆ ಅಂದರೆ, ಕೌದಿಯನ್ನು ಯಾಕೆ ತಿರುಗಿಸಿದೆ, ಏನು ಮುಚ್ಚಿಡಲು ತಿರುಗಿಸಿದೆ ಎಂದು ಕೇಳುತ್ತಾರೆ. ಕೌದಿಯದು ಖರೆ ಅಂದರೆ ನನ್ನ ಗಂಡ ಸುಳ್ಳುಗಾರ. ಬಾಯಿ ತೆರೆದೆ, ಏನೂ ಬರಲಿಲ್ಲ. ಅವ್ವ ಇಟ್ಟ ಹೆಸರು ಅಂದು ಸಾರ್ಥಕವಾಯಿತು. ದೂರದಲ್ಲಿ ಲಾರಿಯ ಸದ್ದು ಕೇಳಿದಂತಾಯಿತು. ಅದು ನಿಜವಾಗಿ ಬಂದ ಸದ್ದೋ, ನನ್ನ ಕಿವಿಯೊಳಗಿನದೋ ಇವತ್ತಿಗೂ ಹೇಳಲಾರೆ.

ಆಗ ಮೂಲೆಯಿಂದ ನನ್ನ ಗಂಡ ಮಾತಾಡಿದ.

“ನಂದ ತಪ್ಪರಿ, ಸರ್ಕಾರ. ಆಕಿ ಹೊರಗ ಅಂತನ ಹೇಳಿದ್ಳು. ನಾ ಉಲ್ಟಾ ಬರದೀನಿ.” ಆಮೇಲೆ ನನ್ನ ಕಡೆ ತಿರುಗಿದ. “ಬೈಬ್ಯಾಡ, ಮೋನಿ. ಎಷ್ಟ ಹೇಳಿದ್ರೂ ನನಗ ನೆಪ್ಪ ಇರೂದಿಲ್ಲ.”

ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಬೈಬೇಡ ಎಂದು ಅವನು ಯಾವತ್ತೂ ಹೇಳಿದವನಲ್ಲ. ಬೈದರೆ ನಕ್ಕು ಕುರಿಗಳ ಹಿಂದೆ ಹೋಗುತ್ತಿದ್ದ. ಅವನು ಬೇಡುತ್ತಿರುವುದು ಏನೆಂದು ನನಗೆ ತಿಳಿಯಿತು.

“ಬೈಬ್ಯಾಡ ಅಂತೀ?” ಅಂದೆ. ದನಿ ಮೊದಲು ಸೀಳಿಹೋಯಿತು, ಆಮೇಲೆ ಏರಿತು. “ಅಂಗಳದಾಗ ನಿಲ್ಲಿಸಿ ಕೂಸಿಗಿ ಹೇಳಿದಂಗ ಹೇಳಿದ್ದೆ ನಿನಗ. ಅರಿಶಿಣ ಅಂದ್ರ ಸಾಸಿವಿ ತಂದಿ. ನನ್ನ ತಮ್ಮನ ಲಗ್ನ ಶನಿವಾರ ಅಂತ ಸಾರಿ ಬಂದಿ. ಹೊರಗ, ಹೊರಗ, ಹೊರಗ ಅಂತ ಬಡಕೊಂಡೆ. ಒಂದ ಮಾತು, ಒಂದ ಮಾತು ನೆಟ್ಟಗ ಒಯ್ಯಾಕ ಬರೂದಿಲ್ಲ ನಿನಗ.”

ಮಂದಿಯ ಮುಂದೆ ಗಂಡನಿಗೆ ನಾನು ಎಂದೂ ನೀನು ಅಂದವಳಲ್ಲ, ಅದು ಒಲೆಯ ಮುಂದಿನ ಮಾತು. ಅಂದು ಚೌಕಿಯಲ್ಲಿ ನಿಂತು ಒಲೆಯ ಮುಂದೆ ನಿಂತ ಹಾಗೆಯೇ ಬೈದೆ. ಬೈಗುಳಕ್ಕೆ ನನ್ನಲ್ಲಿ ಬರ ಇರಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಅದು ಸಿಟ್ಟಿನದೆಂದು ಅವರು ತಿಳಿದಿರಬೇಕು. ಬಾಗಿಲಲ್ಲಿದ್ದ ಇಬ್ಬರು ಜವಾನರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಮಹಬೂಬಸಾಬ ಅಮೀನನಿಗೆ ಸಾಸಿವೆಯ ಸುದ್ದಿಯನ್ನೂ ಲಗ್ನದ ಸುದ್ದಿಯನ್ನೂ ತಿರುಗಿಸಿ ಹೇಳಿದ, ತನ್ನದೂ ಎರಡು ಮಾತು ಸೇರಿಸಿದಂತೆ ಕಂಡಿತು. ಅಮೀನ ನಗಲಿಲ್ಲ. ನನ್ನನ್ನು ನೋಡಿದ, ನನ್ನ ಗಂಡನನ್ನು ನೋಡಿದ, ಕೌದಿಯ ಮೇಲೆ ಹೊರಗೆ ಮಾರಿ ಮಾಡಿದ ಹಸಿರು ಮಂದಿಯನ್ನು ಮತ್ತೊಮ್ಮೆ ನೋಡಿದ. ಚೌಕಿ ಬಿಟ್ಟು ಹೋಗುವ ಮಂದಿ ಅವನಿಗೆ ಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಇವನನ್ನು ಕರೆದುಕೊಂಡು ಹೋಗು, ದಾರಿಯಲ್ಲಿ ಬಾಯಿ ಮುಚ್ಚಿಕೊಂಡು ಇರಲು ಹೇಳು ಎಂದ. ಹೋಗುವ ಮೊದಲು ಗೋಡೆ ಒರೆಸಿ ಹೋಗಬೇಕು ಎಂದೂ ಹೇಳಿದ. ನನ್ನ ಗಂಡ ಗೋಡೆ ಹಿಡಿದು ಎದ್ದ. ಹೆಗಲ ಮೇಲಿನ ವಲ್ಲಿಯಿಂದ ತಾನು ಬರೆದದ್ದನ್ನು ತಾನೇ ಒರೆಸಿದ. ಮೊದಲು ಚಂದ್ರಗಳು ಹೋದವು, ಆಮೇಲೆ ಮಂದಿ. ಚೌಕಿಯನ್ನು ಎಲ್ಲಕ್ಕಿಂತ ಕೊನೆಗೆ ಒರೆಸಿದ.

ಹಣಮಂತ ಅವನನ್ನು ಎತ್ತಿ ಬಂಡಿಯಲ್ಲಿ ಕೂಡಿಸಿದ. ಚೌಕಿಯ ಹಂಚು ಮರೆಯಾಯಿತು. ಅವನು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಹಸಿರು ತುಂಡುಗಳ ಬದಿಗೆ ಬೆರಳಾಡಿಸಿದ. ಸೂಜಿಯ ತೂತುಗಳು ಅವನ ಬೆರಳಿಗೆ ಸಿಕ್ಕವು. ಕುರಿಯ ಮೈಯಲ್ಲಿ ಉಣ್ಣಿ ಹುಳ ಹುಡುಕುವ ಬೆರಳು ಅವು, ತಪ್ಪುವುದಿಲ್ಲ. ತೂತಿನ ಸಾಲು ಹಿಡಿದುಕೊಂಡು ಹೋಗಿ ಕೆಂಪು ಚೌಕಿಯ ಅಂಚಿಗೆ ನಿಂತ.

“ಒಳಗನ ಇದ್ದುವಲ್ಲ, ಮೋನಿ?”

ಹೌದು ಎಂದೆ. ಇನ್ನೇನು ಹೇಳಲಿ.

“ಮಾರಿ ಯಾವ ಕಡಿ ಅಂದಾಗನ ನನಗ ತಿಳೀತು, ಒಳಗ ಅಂದ್ರ ಕೆಟ್ಟೆ ಅಂತ. ಹೊರಗ ಅಂದಿದ್ರ ಹೊಡತ ಆದ್ರೂ ನಿಲ್ತಿತ್ತು.” ಒಡೆದ ತುಟಿ ಒರೆಸಿಕೊಂಡ. “ಆದ್ರ ಮನ್ಯಾಗಿನ ಕೌದಿ ಮ್ಯಾಲ ಒಳಗ ಇದ್ದುವು. ನೀ ತರೂದು ಅದನ್ನ. ಅದಕ್ಕ ಒಳಗನ ಬರದೆ.”

ಚೌಕಿಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತದ್ದು ಮರೆತು ಅಲ್ಲ. ಅವನು ಹೊಡೆತ ತಿನ್ನುತ್ತ ನನ್ನ ಕೌದಿಯನ್ನು ನಂಬಿ ನಿಂತಿದ್ದ. ನಾನು ಬಂಡಿಯಲ್ಲಿ ಕೂತು ಅವನ ತಪ್ಪನ್ನು ನಂಬಿ ಅದನ್ನು ಬಿಚ್ಚುತ್ತಿದ್ದೆ. ಹೇಳೋಣವೆಂದು ಅವನ ಕೈ ಹಿಡಿದೆ. ಅಷ್ಟರಲ್ಲಿ ಹಣಮಂತ ಹಗ್ಗ ಜಗ್ಗಿ, ವೈನಿ ಎಂದು ಮೆಲ್ಲಗೆ ಕರೆದ. ಹೊಳೆಯ ದಂಡೆಯ ಹುಣಸೆ ಮರದ ಕೆಳಗೆ ಖಾಕಿ ತೊಟ್ಟ ಐದಾರು ಮಂದಿ ಕೂತಿದ್ದರು. ಚೌಕಿಯಲ್ಲಿ ನಕ್ಕ ಜವಾನರಲ್ಲಿ ಒಬ್ಬ ನಮಗಿಂತ ಮೊದಲೇ ಬೈಸಿಕಲ್ಲಿನ ಮೇಲೆ ಬಂದು ಅವರ ನಡುವೆ ನಿಂತಿದ್ದ. ಎಲ್ಲರೂ ಬಂಡಿಯ ಕಡೆ ನೋಡುತ್ತಿದ್ದರು.

ನನ್ನ ಗಂಡ ನನ್ನ ಕೈ ಬಿಡಿಸಿಕೊಂಡ.

“ಬೈ,” ಎಂದ. “ಬೈ, ಮೋನಿ. ದಾಟೂ ತನಕ ಬಿಡಬ್ಯಾಡ.”

ನಾನು ಬೈದೆ. ಮಾತು ಮರೆಯುವ ಗಂಡ, ಉಲ್ಟಾ ಗಂಡ, ಹೇಳಿದ್ದೊಂದು ಮಾಡಿದ್ದೊಂದು ಎಂದು ಗಂಟಲು ಹರಿಯುವ ಹಾಗೆ ಬೈದೆ. ಮರದ ಕೆಳಗಿನವರು ನಕ್ಕರು, ಒಬ್ಬ ಕೈ ಬೀಸಿ ಹೋಗಿರಿ ಎಂದ. ಬಂಡಿ ನೀರಿಗಿಳಿದು ಆಚೆಯ ದಂಡೆ ಹತ್ತುವವರೆಗೂ ನಾನು ಬೈಯುತ್ತಲೇ ಇದ್ದೆ. ಅವನು ಕೌದಿಯನ್ನು ನೆನೆಯದ ಹಾಗೆ ಎದೆಗೆ ಅವಚಿಕೊಂಡು, ನನ್ನ ಒಂದೊಂದು ಬೈಗುಳಕ್ಕೂ ಹೌದು ಹೌದು ಎಂದು ತಲೆ ಹಾಕುತ್ತಿದ್ದ.